ಸ್ಪ್ರಿಂಟ್ ಕೊಟ್ಟ ಎಕ್ಸೆಲ್ ಫೈಲುಗಳು: ಒರೆಸಿದ ಮೆಟಾಡೇಟಾ, ಬೀಗ ಬಿದ್ದ ಸೆಲ್‌ಗಳು

ಕೋರ್ಟಿನ ಮಾತು ಸರಳವಾಗಿತ್ತು. ಎಕ್ಸೆಲ್ ಫೈಲುಗಳು ನಿಮ್ಮ ಕಂಪ್ಯೂಟರಿನಲ್ಲಿ ಹೇಗಿವೆಯೋ ಹಾಗೇ ಎದುರುದಾರರಿಗೆ ಕೊಡಿ. ಕಂಪನಿ ಕೊಟ್ಟಿತು. ಫೈಲು ತೆರೆದರೆ ತೆರೆಯುತ್ತಿತ್ತು. ಸಾಲು, ಕಾಲಂ ಎಲ್ಲ ಇದ್ದವು. ಆದರೆ ಫೈಲನ್ನು ಯಾರು ಮಾಡಿದ್ದು, ಯಾವತ್ತು ತಿದ್ದಿದ್ದು, ಯಾರಿಗೆ ಹೋಗಿದ್ದು ಎಂಬ ಮಾಹಿತಿ, ಅಂದರೆ ಮೆಟಾಡೇಟಾ, ಇರಲಿಲ್ಲ. ಸಾಫ್ಟ್‌ವೇರ್ ಹಾಕಿ ಅದನ್ನೆಲ್ಲ ಒರೆಸಿದ್ದರು. ಕೆಲವು ಸೆಲ್‌ಗಳಿಗೆ ಬೀಗವೂ ಬಿದ್ದಿತ್ತು. ಹೀಗೆ ಮಾಡಿದ್ದೇವೆ ಅಂತ ಮುಂಚೆ ಕೋರ್ಟಿಗೂ ಹೇಳಿರಲಿಲ್ಲ, ಎದುರಿನ ವಕೀಲರಿಗೂ ಹೇಳಿರಲಿಲ್ಲ.

ಇದು ಅಮೆರಿಕದ ಕ್ಯಾನ್ಸಸ್ ಫೆಡರಲ್ ಜಿಲ್ಲಾ ಕೋರ್ಟಿನ ಪ್ರಕರಣ. ಹೆಸರು ವಿಲಿಯಮ್ಸ್ ವರ್ಸಸ್ ಸ್ಪ್ರಿಂಟ್/ಯುನೈಟೆಡ್ ಮ್ಯಾನೇಜ್‌ಮೆಂಟ್ ಕಂಪನಿ. ಆದೇಶ ಬಂದದ್ದು 2005ರ ಸೆಪ್ಟೆಂಬರ್ 29ರಂದು. ಬರೆದವರು ಮ್ಯಾಜಿಸ್ಟ್ರೇಟ್ ಜಡ್ಜ್ ಡೇವಿಡ್ ವ್ಯಾಕ್ಸಿ. ಸಿವಿಲ್ ದಾವೆಯಲ್ಲಿ ಮೆಟಾಡೇಟಾ ಅಂದ ಕೂಡಲೇ ಈ ಕಸುಬಿನವರ ಬಾಯಲ್ಲಿ ಮೊದಲು ಬರುವ ಹೆಸರು ಇದೇ. ಬೆಂಗಳೂರಿನಲ್ಲಿ ಅಮೆರಿಕದ ಕೇಸುಗಳ ದಾಖಲೆ ಓದಿ, ವಿಂಗಡಿಸಿ, ಗುರುತಿನ ಕೋಡ್ ಹಾಕುವ ಕೆಲಸದಲ್ಲಿ ಬೇಕಾದಷ್ಟು ಕನ್ನಡಿಗರಿದ್ದಾರೆ. ಅವರು ದಿನಾ ಪಾಲಿಸುವ ಹಲವು ನಿಯಮಗಳ ಹಿಂದೆ ಈ ತರಹದ ಜಗಳಗಳೇ ಇವೆ.

ಜಗಳ ಏನು?

ಸ್ಪ್ರಿಂಟ್ ಆಗ ದೊಡ್ಡ ಟೆಲಿಫೋನ್ ಕಂಪನಿ. ಮುಖ್ಯ ಕಚೇರಿ ಕ್ಯಾನ್ಸಸ್‌ನ ಓವರ್‌ಲ್ಯಾಂಡ್ ಪಾರ್ಕ್‌ನಲ್ಲಿತ್ತು. 2001ರಿಂದ 2003ರ ನಡುವೆ, ಟೆಲಿಕಾಂ ವ್ಯಾಪಾರ ಕುಸಿದಿದ್ದ ಹೊತ್ತಿನಲ್ಲಿ, ಕಂಪನಿ ಕಂತು ಕಂತಾಗಿ ಜನರನ್ನು ಕೆಲಸದಿಂದ ತೆಗೆಯಿತು. ಹಾಗೆ ಕೆಲಸ ಕಳೆದುಕೊಂಡ ಒಬ್ಬ ಮಹಿಳೆ ದಾವೆ ಹೂಡಿದರು. ನನ್ನನ್ನು ತೆಗೆದದ್ದು ನನ್ನ ವಯಸ್ಸು ನೋಡಿ, ಕೆಲಸ ನೋಡಿ ಅಲ್ಲ ಎಂಬುದು ಅವರ ದೂರು. ಅದೇ ದೂರಿದ್ದ ಬೇರೆಯವರೂ ಸೇರಿಕೊಂಡರು. ಆದೇಶ ಬರುವ ಹೊತ್ತಿಗೆ ವಾದಿಗಳ ಸಂಖ್ಯೆ 1,700 ದಾಟಿತ್ತು.

ಅಮೆರಿಕದಲ್ಲಿ 1967ರ ಕಾಯ್ದೆಯೊಂದಿದೆ. 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎನ್ನುತ್ತದೆ ಅದು. ಆದರೆ ಯಾವ ಮ್ಯಾನೇಜರೂ 'ವಯಸ್ಸಾಯ್ತು, ತೆಗೆಯಿರಿ' ಅಂತ ಕಾಗದದಲ್ಲಿ ಬರೆಯುವುದಿಲ್ಲ. ಹಾಗಾಗಿ ಪುರಾವೆಯನ್ನು ಪಟ್ಟಿಗಳಲ್ಲೇ ಹುಡುಕಬೇಕು. ಸ್ಪ್ರಿಂಟ್‌ನಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ಲೆಕ್ಕ ನಡೆದದ್ದು ಎಕ್ಸೆಲ್ ಹಾಳೆಗಳಲ್ಲಿ. ಒಂದೊಂದು ವಿಭಾಗದ ನೌಕರರನ್ನು ಒಂದೊಂದು ಗುಂಪು ಮಾಡಿ, ಆ ಗುಂಪಿನೊಳಗೇ ಹೋಲಿಸಿ ತೀರ್ಮಾನ ಮಾಡಿದ್ದರು.

ಇಂಥ ದೊಡ್ಡ ಕಡಿತ ಮಾಡುವಾಗ ಕಂಪನಿಗಳು ಒಂದು ಪರೀಕ್ಷೆ ಮಾಡಿಸುತ್ತವೆ. ಪಟ್ಟಿಯಲ್ಲಿರುವವರಲ್ಲಿ 40 ದಾಟಿದವರು ತೀರಾ ಜಾಸ್ತಿ ಇದ್ದಾರಾ? ಇದ್ದರೆ ನಾಳೆ ಕೋರ್ಟಿನಲ್ಲಿ ತೊಂದರೆ. ಸಾಮಾನ್ಯವಾಗಿ ಇದು ವಕೀಲರ ಸಲಹೆಯಂತೆ ನಡೆಯುವ ಲೆಕ್ಕ, ಆದ್ದರಿಂದ ವಕೀಲ ಮತ್ತು ಕಕ್ಷಿಗಾರರ ನಡುವಿನ ಗುಟ್ಟು ಅಂತ ಕಂಪನಿಗಳು ವಾದಿಸುತ್ತವೆ. ವಾದಿಗಳ ಅನುಮಾನ ಇದ್ದದ್ದು ಇಲ್ಲೇ. ಪರೀಕ್ಷೆಯಲ್ಲಿ ಫಲಿತಾಂಶ ಕೆಟ್ಟದಾಗಿ ಬಂದಾಗ ಕಂಪನಿ ಗುಂಪುಗಳನ್ನೇ ಅತ್ತಿತ್ತ ಮಾಡಿ, ಶೇಕಡಾವಾರು ಚೆಂದ ಕಾಣುವಂತೆ ಮತ್ತೆ ಹೊಂದಿಸಿತೇ? ಹಾಗೆ ಆಗಿದ್ದರೆ ಕೊನೆಯ ಪಟ್ಟಿಯಲ್ಲಿ ಏನೂ ಕಾಣುವುದಿಲ್ಲ. ಪಟ್ಟಿ ಆ ರೂಪಕ್ಕೆ ಬಂದ ದಾರಿ ಗೊತ್ತಾಗಬೇಕು. ಆ ದಾರಿಯ ಗುರುತು ಇರುವುದು ಮೆಟಾಡೇಟಾದಲ್ಲಿ.

ಒಂದು ಹಾಳೆಯೊಳಗೆ ಏನೇನಿರುತ್ತದೆ

ಇದನ್ನು ಹತ್ತಿರದಿಂದ ನೋಡದೆ ಮುಂದಿನ ವಾದಗಳು ತಲೆಗೆ ಹತ್ತುವುದಿಲ್ಲ. ಒಂದು ಕಾಲ್ಪನಿಕ ಹಾಳೆ ಇಟ್ಟುಕೊಳ್ಳೋಣ. ಸ್ಪ್ರಿಂಟ್‌ನದ್ದಲ್ಲ, ಸುಮ್ನೆ ಉದಾಹರಣೆಗೆ.

ಎ ಕಾಲಂನಲ್ಲಿ ಹೆಸರು. ಬಿಯಲ್ಲಿ ಹುದ್ದೆ. ಸಿಯಲ್ಲಿ ಮ್ಯಾನೇಜರ್ ಕೊಟ್ಟ ರೇಟಿಂಗ್. ಡಿಯಲ್ಲಿ ಒಟ್ಟು ಅಂಕ. ಏಳನೇ ಸಾಲಿನ ನೌಕರನ ಎದುರು ಡಿಯಲ್ಲಿ 62 ಅಂತಿದೆ. ಪ್ರಿಂಟ್ ತೆಗೆದರೆ 62. ಚಿತ್ರ ಮಾಡಿ ಕೊಟ್ಟರೂ 62. ಮೂಲ ಫೈಲಿನಲ್ಲಿ ಆ ಸೆಲ್ ಮೇಲೆ ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಲ್ಲಿ ಸೂತ್ರ ಕಾಣುತ್ತದೆ. ರೇಟಿಂಗ್‌ಗೆ 70 ಪಾಲು, ಇ ಕಾಲಂನ ಅಂಕಿಗೆ 30 ಪಾಲು. ಇ ಕಾಲಂ ಎಲ್ಲಿದೆ? ಡಿ ಆದಮೇಲೆ ಸೀದಾ ಎಫ್ ಇದೆ. ನಡುವಿನದ್ದನ್ನು ಹೈಡ್ ಮಾಡಿದ್ದಾರೆ. ಹೈಡ್ ತೆಗೆದರೆ ಇನ್ನೆಷ್ಟು ವರ್ಷ ಸೇವೆ ಉಳಿದಿದೆ ಎಂಬ ಅಂಕಿ ಸಿಗಬಹುದು. ಸಿಕ್ಕರೆ ವಯಸ್ಸನ್ನೇ ಅಂಕಕ್ಕೆ ಸೇರಿಸಿದಂತಾಗಿ ಇಡೀ ಕೇಸಿನ ಬಣ್ಣವೇ ಬದಲಾಗುತ್ತದೆ. ಅಂಗಡಿಯ ಕಿರ್ದಿ ಪುಸ್ತಕ ಕೇಳಿದವರ ಕೈಗೆ ಮೊತ್ತ ಬರೆದ ಚೀಟಿ ಇಟ್ಟರೆ ಲೆಕ್ಕ ಸರಿಯೋ ತಪ್ಪೋ ಯಾರಿಗೂ ತಿಳಿಯದು. ಸೂತ್ರ ಕಾಣದ ಹಾಳೆಯೂ ಅಷ್ಟೇ.

ಇದು ಹಾಳೆಯ ಒಳಗಿನ ಮಾತು. ಫೈಲಿನ ಬೆನ್ನಿಗೆ ಅಂಟಿದ್ದು ಬೇರೆ ಇದೆ. ಫೈಲ್ ಮಾಡಿದವರ ಹೆಸರು, ಕೊನೆಗೆ ಸೇವ್ ಮಾಡಿದವರ ಹೆಸರು, ಹುಟ್ಟಿದ ದಿನ, ತಿದ್ದಿದ ದಿನ, ಕೊನೆಗೆ ಪ್ರಿಂಟ್ ತೆಗೆದ ದಿನ. ಈಗಿನ ಎಕ್ಸೆಲ್ ಫೈಲಿನಲ್ಲಿ ಇದನ್ನು ನೀವೇ ನೋಡಬಹುದು. ಯಾವುದಾದರೂ ಎಕ್ಸೆಲ್ ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೆಯ ಎಕ್ಸ್‌ಎಲ್‌ಎಸ್‌ಎಕ್ಸ್ ತೆಗೆದು ಜಿಪ್ ಅಂತ ಹಾಕಿ ತೆರೆಯಿರಿ. ಒಳಗೆ ಡಾಕ್‌ಪ್ರಾಪ್ಸ್ ಎಂಬ ಫೋಲ್ಡರ್ ಇರುತ್ತದೆ. ಅದರಲ್ಲಿರುವ ಕೋರ್ ಎಂಬ ಸಣ್ಣ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಹೆಸರು, ತಾರೀಖು ಸಾಲಾಗಿ ಕೂತಿರುತ್ತವೆ. 2005ರ ಹಳೆಯ ಎಕ್ಸೆಲ್ ಫೈಲುಗಳು ಇಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತಿರಲಿಲ್ಲ, ಆದರೆ ಇಂಥ ಮಾಹಿತಿ ಅವುಗಳಲ್ಲೂ ಇರುತ್ತಿತ್ತು.

ಈಗ ಒಂದೇ ಗುಂಪಿನ ಮೂರು ಫೈಲುಗಳು ಸಿಕ್ಕಿವೆ ಅನ್ನಿ. ಒಂದರಲ್ಲಿ ಇರುವ ಎರಡು ಹೆಸರು ಇನ್ನೊಂದರಲ್ಲಿ ಇಲ್ಲ. ಯಾವುದು ಮೊದಲಿನದು? ಆ ನಡುವೆ ಫೈಲು ಯಾರ ಕೈ ದಾಟಿತು? ತಾರೀಖು ಒರೆಸಿ, ಫೈಲಿನ ಹೆಸರನ್ನೂ ಬದಲಿಸಿ ಕೊಟ್ಟರೆ ಮೂರನ್ನೂ ಎದುರಿಗಿಟ್ಟುಕೊಂಡು ತಲೆ ಕೆರೆದುಕೊಳ್ಳುವುದೊಂದೇ ದಾರಿ.

ಫೈಲು ಕೈ ಬದಲಾದ ಬಗೆ

ಮೊದಲ ಸುತ್ತಿನಲ್ಲಿ ಸ್ಪ್ರಿಂಟ್ ಆ ಹಾಳೆಗಳನ್ನು ಟಿಫ್ ಚಿತ್ರಗಳಾಗಿ ಕೊಟ್ಟಿತ್ತು. ಟಿಫ್ ಅಂದರೆ ಹಾಳೆಯ ಫೋಟೊ ಇದ್ದ ಹಾಗೆ. ಅಗಲದ ಎಕ್ಸೆಲ್ ಹಾಳೆಯನ್ನು ಟಿಫ್ ಮಾಡಿದರೆ ಏನಾಗುತ್ತದೆ ಅಂತ ಈ ಕೆಲಸ ಮಾಡಿದವರಿಗೆ ಗೊತ್ತು. ಹತ್ತು ಕಾಲಂ ಒಂದು ಪುಟಕ್ಕೆ, ಮಿಕ್ಕ ಹತ್ತು ಇನ್ನೆಲ್ಲೋ. ಹೆಸರೊಂದು ಕಡೆ, ಆ ಹೆಸರಿನ ಅಂಕ ಇನ್ನೊಂದು ಕಡೆ. ವಾದಿಗಳು ಎಕ್ಸೆಲ್ ಫೈಲೇ ಬೇಕು ಅಂದರು. ಜಡ್ಜ್ ಒಪ್ಪಿದರು. ಕಂಪನಿಯಲ್ಲಿ ಇಟ್ಟುಕೊಂಡಿರುವ ರೂಪದಲ್ಲೇ ಕೊಡಿ ಅಂತ ಆದೇಶ ಮಾಡಿದರು. ಆದೇಶದಲ್ಲಿ ಮೆಟಾಡೇಟಾ ಎಂಬ ಪದ ಇರಲಿಲ್ಲ. ಮುಂದಿನ ಎಲ್ಲ ವಾದಕ್ಕೂ ಜಾಗ ಸಿಕ್ಕಿದ್ದು ಅದರಿಂದಲೇ.

ಬಂದ ಫೈಲುಗಳನ್ನು ನೋಡಿ ವಾದಿಗಳ ಕಡೆಯವರು ಕೋರ್ಟಿಗೆ ದೂರಿದರು. ಹೆಸರು, ತಾರೀಖು, ಫೈಲು ಪಡೆದವರು, ತಿದ್ದಿದ ಇತಿಹಾಸ, ಯಾವುದೂ ಇಲ್ಲ. ಸೆಲ್‌ಗಳಿಗೆ ಬೀಗ ಇರುವುದರಿಂದ ಸೂತ್ರ ಕಾಣುವುದಿಲ್ಲ, ಅಂಕಿಗಳನ್ನು ವಿಂಗಡಿಸಿ ನೋಡುವುದಕ್ಕೂ ಆಗುವುದಿಲ್ಲ. ಸ್ಪ್ರಿಂಟ್ ಒಪ್ಪಿಕೊಂಡಿತು. ಹೌದು, ಒರೆಸಿದ್ದೇವೆ. ಏನೇನು ಒರೆಸಿದ್ದೇವೆ ಎಂಬ ಪಟ್ಟಿ ಕೊಟ್ಟಿಲ್ಲ, ಅದೂ ಹೌದು. ಇದಕ್ಕೆ ನಿಮಗೆ ಯಾಕೆ ದಂಡ ಹಾಕಬಾರದು, ಕಾರಣ ಹೇಳಿ ಎಂದರು ಜಡ್ಜ್.

ಕಂಪನಿ ಕೊಟ್ಟ ಕಾರಣಗಳಲ್ಲಿ ಒಂದೆರಡು ತೂಕದವು, ತಳ್ಳಿಹಾಕುವಂತಿರಲಿಲ್ಲ. ವಯಸ್ಸಿನ ಪರೀಕ್ಷೆಯ ಲೆಕ್ಕ ವಕೀಲರ ಗುಟ್ಟು, ಅದನ್ನು ಹಾಳೆಯಿಂದ ಅಳಿಸುವ ಹಕ್ಕು ನಮಗಿದೆ. ಬರೀ ಅಳಿಸಿದರೆ ಸಾಲದು, ಮೆಟಾಡೇಟಾ ಬಿಟ್ಟರೆ ಎದುರಿನವರು ಅಳಿಸಿದ್ದನ್ನು ಮತ್ತೆ ಎತ್ತಿ ನೋಡಬಹುದು ಎಂಬ ಭಯ. ಆ ಕಾಲಕ್ಕೆ ಇದು ಸುಳ್ಳು ಭಯವಲ್ಲ. ವಕೀಲರ ಕಚೇರಿಯಿಂದ ಹೋದ ವರ್ಡ್ ಫೈಲಿನಲ್ಲಿ ಟ್ರ್ಯಾಕ್ ಚೇಂಜಸ್, ಅಂದರೆ ತಿದ್ದಿದ್ದರ ಗುರುತು, ಉಳಿದು, ಒಳಗಿನ ಮಾತು ಹೊರಗೆ ಬೀಳುವುದು ಹೊಸದೇನಲ್ಲ. ನೌಕರರ ಸೋಶಿಯಲ್ ಸೆಕ್ಯುರಿಟಿ ನಂಬರುಗಳೂ (ಅಲ್ಲಿನ ಜನರ ಖಾಸಗಿ ಗುರುತಿನ ಸಂಖ್ಯೆ) ಹಾಳೆಯಲ್ಲಿದ್ದವು. ಅವನ್ನು ತೆಗೆದದ್ದು ತಪ್ಪು ಅಂತ ಯಾರೂ ಹೇಳಲಾರರು.

ಬೀಗ ಹಾಕಿದ್ದು ಯಾಕೆ? ಅಂಕಿಗಳನ್ನು ಯಾರೂ ತಿದ್ದಬಾರದು ಅಂತ. ಇದನ್ನು ಒಪ್ಪುವುದು ನನಗೆ ಕಷ್ಟ. ಮೂಲ ಫೈಲು ಕಂಪನಿಯ ಬಳಿಯೇ ಇರುತ್ತದೆ. ಎದುರಿನವರು ತಮ್ಮ ಕಾಪಿಯಲ್ಲಿ ಏನು ತಿದ್ದಿದರೂ ಅಕ್ಕಪಕ್ಕ ಇಟ್ಟು ನೋಡಿದರೆ ಸಿಕ್ಕಿಬೀಳುತ್ತಾರೆ. ಜಡ್ಜ್ ಇನ್ನೂ ಚೆನ್ನಾದ ಉತ್ತರ ಕೊಟ್ಟರು. ಹ್ಯಾಶ್ ಬಳಸಬಹುದಿತ್ತಲ್ಲ ಎಂದರು. ಫೈಲನ್ನು ಒಂದು ಗಣಿತದ ಲೆಕ್ಕಕ್ಕೆ ಹಾಕಿದರೆ ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಎಂಡಿ5 ಲೆಕ್ಕದಲ್ಲಿ 32 ಅಕ್ಷರ, ಎಸ್‌ಎಚ್‌ಎ-256ರಲ್ಲಿ 64. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಫೈಲಿನ ಜೊತೆ ಆ ಸಾಲನ್ನೂ ಬರೆದುಕೊಟ್ಟರೆ ಬೀಗದ ಅಗತ್ಯವೇ ಇಲ್ಲ.

ಕೊನೆಯ ಕಾರಣ, ವಾದಿಗಳು ಮೆಟಾಡೇಟಾ ಕೊಡಿ ಅಂತ ಯಾವತ್ತೂ ಕೇಳಿಯೇ ಇಲ್ಲ. ಇದು ನಿಜ. ಜಡ್ಜ್ ಅತಿ ಹೆಚ್ಚು ಪುಟ ಖರ್ಚು ಮಾಡಿದ್ದೂ ಈ ಸುತ್ತಲಿನ ಪ್ರಶ್ನೆಗೇ.

ಜಡ್ಜ್ ಯೋಚಿಸಿದ ರೀತಿ

ವ್ಯಾಕ್ಸಿ ಅವರ ಮುಂದೆ ದಾರಿ ತೋರಿಸುವ ತೀರ್ಪುಗಳು ಹೆಚ್ಚೇನೂ ಇರಲಿಲ್ಲ. ವಕೀಲರು, ಜಡ್ಜ್‌ಗಳು, ತಂತ್ರಜ್ಞರು ಸೇರಿ ಕಟ್ಟಿದ ಸೆಡೋನಾ ಕಾನ್ಫರೆನ್ಸ್ ಎಂಬ ಸಂಸ್ಥೆ 2004ರಲ್ಲಿ ಕೆಲವು ಸೂತ್ರಗಳನ್ನು ಹೊರಡಿಸಿತ್ತು. ಅದರ 12ನೇ ಸೂತ್ರ ಸ್ಪ್ರಿಂಟ್ ಪರವಾಗಿಯೇ ಇತ್ತು. ಕೇಸು ತೀರ್ಮಾನಕ್ಕೆ ಮುಖ್ಯವಾಗದ ಹೊರತು, ಒಪ್ಪಂದವೋ ಕೋರ್ಟಿನ ಆದೇಶವೋ ಇಲ್ಲದ ಹೊರತು ಮೆಟಾಡೇಟಾ ಉಳಿಸಿ ಕೊಡಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಜಡ್ಜ್ ಅದನ್ನು ಮುಚ್ಚಿಡಲಿಲ್ಲ. ಆಗಿನ ಗಾಳಿ ಮೆಟಾಡೇಟಾ ಕೊಡಬೇಕಿಲ್ಲ ಎಂಬ ಕಡೆಗೇ ಬೀಸುತ್ತಿದೆ ಎಂದು ಒಪ್ಪಿಕೊಂಡರು.

ಮುಂದೆ ಅವರು ಮಾಡಿದ ಒಂದು ವಿಂಗಡಣೆ ನನಗೆ ಈ ಆದೇಶದಲ್ಲೇ ಜಾಸ್ತಿ ಇಷ್ಟ. ಎಲ್ಲ ಫೈಲಿಗೂ ಮೆಟಾಡೇಟಾ ಒಂದೇ ಮಟ್ಟಿಗೆ ಬೇಕಾಗುವುದಿಲ್ಲ. ವರ್ಡ್‌ನಲ್ಲಿ ಟೈಪ್ ಮಾಡಿದ ಪತ್ರವನ್ನು ಪ್ರಿಂಟ್‌ನಲ್ಲಿ ಓದಿದರೂ ಅರ್ಥ ಆಗುತ್ತದೆ. ಡೇಟಾಬೇಸ್ ಇನ್ನೊಂದು ತುದಿ. ಅದನ್ನು ಕಾಗದಕ್ಕೆ ಇಳಿಸಿದರೆ ಸಂಬಂಧವೇ ಇಲ್ಲದ ಅಂಕಿಗಳ ರಾಶಿ. ಯಾವ ಅಂಕಿ ಯಾವುದಕ್ಕೆ ಸೇರಿದ್ದು ಎಂಬುದನ್ನು ಹೇಳುವುದೇ ಮೆಟಾಡೇಟಾ. ಎಕ್ಸೆಲ್ ಇವೆರಡರ ನಡುವೆ. ಹಾಗಾಗಿ ಇಂಥ ಹಾಳೆಯ ವಿಷಯದಲ್ಲಿ ಮೆಟಾಡೇಟಾ ಅನಗತ್ಯ ಅಂತ ಕಣ್ಣು ಮುಚ್ಚಿ ಹೇಳಲು ಬರುವುದಿಲ್ಲ.

ನಂತರ ಬಂದದ್ದು ಹೊಣೆಯ ಪ್ರಶ್ನೆ. ಬಾಯಿ ಬಿಡಬೇಕಾದವರು ಯಾರು, ಕೇಳುವವರೋ ಕೊಡುವವರೋ? ಇಲ್ಲಿ ಫೈಲನ್ನು ಇದ್ದ ರೂಪದಲ್ಲೇ ಕೊಡಿ ಎಂಬ ಆದೇಶ ಆಗಲೇ ಇದೆ. ಅಂದಮೇಲೆ ತಕರಾರು ಎತ್ತುವ ಹೊಣೆ ಕೊಡುವವರದ್ದು ಎಂದರು ಜಡ್ಜ್. ಕಾರಣ ಸರಳ. ಮೆಟಾಡೇಟಾ ಅವರ ಕಣ್ಣೆದುರಿಗಿದೆ. ಅದರಲ್ಲಿ ಗುಟ್ಟು ಇದೆಯೋ, ಕೊಟ್ಟರೆ ತೊಂದರೆಯೋ ಎಂಬುದು ಗೊತ್ತಾಗುವುದು ಅವರಿಗೆ ಮಾತ್ರ. ಎದುರಿನವರು ಕಾಣದ್ದನ್ನು ಹೆಸರು ಹಿಡಿದು ಕೇಳುವುದು ಹೇಗೆ? ಆದ್ದರಿಂದ ಸಮಯಕ್ಕೆ ಸರಿಯಾಗಿ ತಕರಾರು ಹಾಕಿ, ಇಲ್ಲ ಒಪ್ಪಂದ ಮಾಡಿಕೊಳ್ಳಿ, ಇಲ್ಲ ಕೋರ್ಟಿನ ರಕ್ಷಣೆ ಕೇಳಿ. ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ ಮೆಟಾಡೇಟಾ ಸಮೇತ ಕೊಡಬೇಕು.

ಸ್ಪ್ರಿಂಟ್ ಮೂರರಲ್ಲಿ ಒಂದನ್ನೂ ಮಾಡಿರಲಿಲ್ಲ. ಗುಟ್ಟು ಅಂತ ಹೇಳಿಕೊಂಡು ತಡೆಹಿಡಿದ ದಾಖಲೆಗಳಿಗೆ ಪಟ್ಟಿ ಕೊಡಬೇಕೆಂಬುದು ಅಲ್ಲಿನ ನಿಯಮ. ಇಂಥ ದಿನದ್ದು, ಇಂಥವರು ಬರೆದದ್ದು, ಇಂಥ ಕಾರಣಕ್ಕೆ ಕೊಡುತ್ತಿಲ್ಲ ಅಂತ ಅದರಲ್ಲಿ ಬರೆಯಬೇಕು. ಮೆಟಾಡೇಟಾಕ್ಕೆ ಅಂಥ ಪಟ್ಟಿಯೂ ಇರಲಿಲ್ಲ. ಹಾಗಾಗಿ ಆ ಹಾಳೆಗಳ ಮೆಟಾಡೇಟಾ ಮಟ್ಟಿಗೆ ಗುಟ್ಟಿನ ಹಕ್ಕನ್ನು ಕಂಪನಿ ಬಿಟ್ಟುಕೊಟ್ಟಂತೆ ಎಂದು ಜಡ್ಜ್ ತೀರ್ಮಾನಿಸಿದರು. ವಯಸ್ಸಿನ ಪರೀಕ್ಷೆಗೆ ನೇರವಾಗಿ ಸೇರಿದ ಭಾಗ ಮತ್ತು ಸೋಶಿಯಲ್ ಸೆಕ್ಯುರಿಟಿ ನಂಬರುಗಳನ್ನು ಮಾತ್ರ ಹೊರಗಿಟ್ಟರು. ಮಿಕ್ಕದ್ದನ್ನು ಮೆಟಾಡೇಟಾ ಸಮೇತ, ಬೀಗ ತೆಗೆದು ಮತ್ತೆ ಕೊಡಬೇಕಾಯಿತು.

ಗಮನಿಸಿ, ಇದೆಷ್ಟು ದುಬಾರಿ ಆಯಿತು ಅಂತ. ಗುಟ್ಟನ್ನು ಕಾಪಾಡಲು ಹೋಗಿ ಗುಟ್ಟಿನ ಹಕ್ಕನ್ನೇ ಕಳೆದುಕೊಂಡರು. ಆ ಎರಡು ವಿನಾಯಿತಿ ಉಳಿದದ್ದು ಅವನ್ನು ತೆಗೆಯಲು ಕೋರ್ಟಿನ ಒಪ್ಪಿಗೆ ಇದ್ದದ್ದಕ್ಕೆ. ಒಪ್ಪಿಗೆ ಕೇಳದೆ ತೆಗೆದದ್ದು ಒಂದೂ ಉಳಿಯಲಿಲ್ಲ.

ದಂಡ ಮಾತ್ರ ಬೀಳಲಿಲ್ಲ. ಕಾನೂನು ಇನ್ನೂ ಸ್ಪಷ್ಟವಾಗಿಲ್ಲದ ಜಾಗದಲ್ಲಿ ಕಂಪನಿ ತನಗೆ ತೋಚಿದಂತೆ ನಡೆದುಕೊಂಡಿದೆ, ಅದಕ್ಕೆ ದಂಡ ಸರಿಯಲ್ಲ ಎಂದರು. ಕಾನೂನಿನ ಮಟ್ಟಿಗೆ ಇದು ಸರಿ. ಆದರೆ ನನಗೆ ಒಂದು ಕೊಸರು ಉಳಿದಿದೆ. ಮೆಟಾಡೇಟಾ ಕೊಡಬೇಕೋ ಬೇಡವೋ ಎಂಬುದರಲ್ಲಿ ಗೊಂದಲ ಇತ್ತು, ನಿಜ. 'ತೆಗೆದಿದ್ದೇವೆ' ಅಂತ ಒಂದು ಸಾಲು ಬರೆಯುವುದರಲ್ಲಿ ಏನು ಗೊಂದಲ? ಫೈಲುಗಳ ಜೊತೆ ಹೋದ ಪತ್ರದಲ್ಲಿ ಆ ಒಂದು ಸಾಲು ಇದ್ದಿದ್ದರೆ ಜಗಳ ಅವತ್ತೇ ಎದ್ದು, ಅವತ್ತೇ ಬಗೆಹರಿಯುತ್ತಿತ್ತು. ಇದ್ದ ಗುಟ್ಟೂ ಉಳಿಯುತ್ತಿತ್ತೇನೋ.

ಅದೇ ಕೇಸು, ಮಗ್ಗುಲು ಬದಲು

ಬಹಳ ಜನ ಈ ಪ್ರಕರಣದ ಕತೆಯನ್ನು 2005ಕ್ಕೇ ನಿಲ್ಲಿಸಿಬಿಡುತ್ತಾರೆ. ಮುಂದಿನ ವರ್ಷ ನಡೆದದ್ದು ಅಷ್ಟೇ ಮುಖ್ಯ.

2006ರ ಡಿಸೆಂಬರ್ 1ರಿಂದ ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳು ಬದಲಾದವು. ದಾಖಲೆ ಕೇಳುವವರು ಯಾವ ರೂಪದಲ್ಲಿ ಬೇಕೆಂದು ಹೇಳಬಹುದು. ಕೊಡುವವರು ಅದಕ್ಕೆ ತಕರಾರು ಹಾಕಬಹುದು, ಹಾಕಿದರೆ ತಾವು ಯಾವ ರೂಪದಲ್ಲಿ ಕೊಡುತ್ತೇವೆಂದು ಹೇಳಬೇಕು. ಯಾರೂ ಏನೂ ಹೇಳದಿದ್ದರೆ ಇಟ್ಟುಕೊಂಡಿರುವ ರೂಪದಲ್ಲಿ ಅಥವಾ ಸರಿಯಾಗಿ ಬಳಸಲು ಬರುವ ರೂಪದಲ್ಲಿ ಕೊಡಬೇಕು. ಜೊತೆಗೆ ಇನ್ನೊಂದು ಮಾತು: ಒಂದೇ ದಾಖಲೆಯನ್ನು ಎರಡೆರಡು ರೂಪದಲ್ಲಿ ಕೊಡಬೇಕಾಗಿಲ್ಲ.

ಆ ಕೊನೆಯ ಮಾತು ಅದೇ ತಿಂಗಳು ವಿಲಿಯಮ್ಸ್ ಕೇಸಿನ ವಾದಿಗಳಿಗೇ ಬಡಿಯಿತು. ಎಕ್ಸೆಲ್ ಹಾಳೆಗಳು ಇಮೇಲ್‌ಗೆ ಅಂಟಿಕೊಂಡು ಒಬ್ಬರಿಂದ ಒಬ್ಬರಿಗೆ ಹೋಗಿದ್ದವು. ಸ್ಪ್ರಿಂಟ್ ಇಮೇಲ್‌ಗಳನ್ನು ಬೇರೆ, ಹಾಳೆಗಳನ್ನು ಬೇರೆ ಕೊಟ್ಟಿತ್ತು. ಯಾವ ಹಾಳೆ ಯಾವ ಇಮೇಲ್‌ನ ಜೊತೆ ಹೋಯಿತು ಅಂತ ಜೋಡಿಸುವುದು ತಲೆನೋವು. ಇಮೇಲ್‌ಗಳನ್ನೂ ಅಟ್ಯಾಚ್‌ಮೆಂಟ್ ಸಮೇತ ಮೂಲ ರೂಪದಲ್ಲಿ ಕೊಡಿಸಿ ಎಂದು ವಾದಿಗಳು ಕೇಳಿದರು. ಜಡ್ಜ್ ಅದೇ ವ್ಯಾಕ್ಸಿ. ಆದೇಶ 2006ರ ಡಿಸೆಂಬರ್ 12ರದ್ದು. ಈ ಸಲ ಉತ್ತರ 'ಇಲ್ಲ'. ಒಂದು ರೂಪದಲ್ಲಿ ಕೊಟ್ಟಾಗಿದೆ, ಮತ್ತೆ ಕೊಡಬೇಕಿಲ್ಲ.

ಮೊದಲನೆಯ ಆದೇಶ ಓದಿ ಮೆಟಾಡೇಟಾ ಯಾವಾಗ ಬೇಕಾದರೂ ಸಿಗುತ್ತದೆ ಅಂದುಕೊಂಡವರಿಗೆ ಇದು ತಣ್ಣೀರು. ಬೇರೆ ಕೋರ್ಟುಗಳೂ ಕೈ ಬಿಗಿ ಹಿಡಿದವು. 2006ರಲ್ಲೇ ಕೆಂಟಕಿಯ ಫೆಡರಲ್ ಕೋರ್ಟು ಕೆಂಟಕಿ ಸ್ಪೀಡ್‌ವೇ ವರ್ಸಸ್ ನ್ಯಾಸ್ಕಾರ್ ಪ್ರಕರಣದಲ್ಲಿ ವಿಲಿಯಮ್ಸ್ ಹಾದಿ ಹಿಡಿಯಲಿಲ್ಲ. 2008ರಲ್ಲಿ ನ್ಯೂಯಾರ್ಕ್‌ನ ಅಗ್ವಿಲಾರ್ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟ್ ಜಡ್ಜ್ ಫ್ರಾಂಕ್ ಮಾಸ್ ಹೇಳಿದ್ದೂ ಸುಮಾರಾಗಿ ಅದೇ ಅರ್ಥದ ಮಾತು. ಮೆಟಾಡೇಟಾ ಬೇಕಿದ್ದರೆ ಶುರುವಿನಲ್ಲೇ ಕೇಳಿ. ದಾಖಲೆ ಬೇರೆ ರೂಪದಲ್ಲಿ ಕೈಗೆ ಬಂದಮೇಲೆ ಕೇಳಿದರೆ ಸಿಗದೆ ಹೋಗಬಹುದು.

ಅಂದರೆ ಒಂದೇ ಕೇಸಿನಲ್ಲಿ ಎರಡೂ ಕಡೆಯವರಿಗೆ ಪೆಟ್ಟು ಬಿದ್ದದ್ದು ಹೆಚ್ಚು ಕಡಿಮೆ ಒಂದೇ ಕಾರಣಕ್ಕೆ. ಒಬ್ಬರು ತೆಗೆದದ್ದನ್ನು ಹೇಳಲಿಲ್ಲ. ಇನ್ನೊಬ್ಬರು ಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಹೇಳಲಿಲ್ಲ.

ಕೇಸಿನ ಕೊನೆ ಏನಾಯಿತು ಅಂತ ಕೇಳುವವರಿಗೆ: 2007ರಲ್ಲಿ ರಾಜಿಯಾಯಿತು. ಸ್ಪ್ರಿಂಟ್ 5.7 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ ಮೆಟಾಡೇಟಾದ ಪಾಲೆಷ್ಟು ಅಂತ ಹೊರಗಿನವರು ಹೇಳಲು ಬರುವುದಿಲ್ಲ. ಸ್ಪ್ರಿಂಟ್‌ನ ನೌಕರಿ ಕಡಿತದ ಇನ್ನೊಂದು ದಾವೆ, ಮೆಂಡೆಲ್‌ಸನ್ ಪ್ರಕರಣ, ಸಾಕ್ಷ್ಯದ ಬೇರೊಂದು ಪ್ರಶ್ನೆ ಹಿಡಿದು 2008ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಈಗಿನ ಪದ್ಧತಿ

ಇವತ್ತು ಅಲ್ಲಿನ ದೊಡ್ಡ ಕೇಸುಗಳಲ್ಲಿ ಎರಡೂ ಕಡೆಯ ವಕೀಲರು ಮೊದಲೇ ಕೂತು ದಾಖಲೆಯ ರೂಪದ ಬಗ್ಗೆ ಒಪ್ಪಂದ ಬರೆದುಕೊಳ್ಳುತ್ತಾರೆ. ಇಮೇಲ್ ಮತ್ತು ವರ್ಡ್ ಫೈಲುಗಳು ಟಿಫ್ ಅಥವಾ ಪಿಡಿಎಫ್ ಆಗಿ, ಪ್ರತಿ ಪುಟಕ್ಕೂ ಬೇಟ್ಸ್ ನಂಬರ್ ಎಂಬ ಕ್ರಮಸಂಖ್ಯೆ ಬಿದ್ದು ಹೋಗುತ್ತವೆ. ಎಕ್ಸೆಲ್ ಮಾತ್ರ ನೇಟಿವ್, ಅಂದರೆ ಮೂಲ ಫೈಲು. ಇವುಗಳ ಜೊತೆ ಲೋಡ್ ಫೈಲ್ ಒಂದು ಹೋಗುತ್ತದೆ. ಕಸ್ಟೋಡಿಯನ್ (ದಾಖಲೆ ಇಟ್ಟುಕೊಂಡಿದ್ದವರು) ಯಾರು, ಕಳಿಸಿದ ಸಮಯ, ತಿದ್ದಿದ ತಾರೀಖು, ಫೈಲಿನ ಹೆಸರು, ಹ್ಯಾಶ್, ಯಾವ ಅಟ್ಯಾಚ್‌ಮೆಂಟ್ ಯಾವ ಇಮೇಲ್‌ಗೆ ಸೇರಿದ್ದು, ಎಲ್ಲ ಅದರ ಕಾಲಂಗಳಲ್ಲಿರುತ್ತದೆ. ಆ ಕೊನೆಯ ಕಾಲಂ ನೋಡಿದಾಗೆಲ್ಲ ನನಗೆ 2006ರ ಡಿಸೆಂಬರ್ ಆದೇಶ ನೆನಪಾಗುತ್ತದೆ.

ಗುಟ್ಟು ಅಪ್ಪಿತಪ್ಪಿ ಹೊರಗೆ ಹೋದರೆ? ಅದಕ್ಕೂ ಈಗ ದಾರಿ ಇದೆ. 2006ರ ನಿಯಮಗಳಲ್ಲೇ ತಪ್ಪಿ ಕೊಟ್ಟದ್ದನ್ನು ವಾಪಸ್ ಕೇಳುವ ಅವಕಾಶ ಬಂತು. 2008ರಲ್ಲಿ ಬಂದ ಸಾಕ್ಷ್ಯ ನಿಯಮ 502, ಎಚ್ಚರಿಕೆ ವಹಿಸಿದವರ ಹಕ್ಕು ಒಂದು ಕೈತಪ್ಪಿನಿಂದ ಹೋಗದಂತೆ ನೋಡಿಕೊಳ್ಳುತ್ತದೆ. ಸ್ಪ್ರಿಂಟ್ ವಕೀಲರಿಗಿದ್ದ ಭಯ ಈಗ ಅಷ್ಟಿಲ್ಲ. ಮುಚ್ಚಿಡಲು ಒಂದು ನೆಪವೂ ಕಡಿಮೆಯಾಯಿತು.

ನಮ್ಮ ಕೋರ್ಟುಗಳಲ್ಲಿ

ನಮ್ಮಲ್ಲಿ ಈ ವಿಷಯ ಇನ್ನೂ ಎಲ್ಲರ ಬಾಯಿಗೆ ಬಂದಿಲ್ಲ. ಆದರೆ ಕಾನೂನಿನಲ್ಲಿ ಜಾಗ ಇದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶವನ್ನು, ಅಂದರೆ ದಾಖಲೆ ತೋರಿಸುವ ನಿಯಮಗಳ ಅಧ್ಯಾಯವನ್ನು, ವಾಣಿಜ್ಯ ದಾವೆಗಳಿಗೆ ಹೊಸದಾಗಿ ಬರೆಯಿತು. 2018ರಿಂದ 3 ಲಕ್ಷ ರೂಪಾಯಿ ಮೌಲ್ಯದ ವಾಣಿಜ್ಯ ವಿವಾದಕ್ಕೂ ಇದು ಅನ್ವಯಿಸುತ್ತದೆ. ಅದರ 6ನೇ ನಿಯಮ ಇಲೆಕ್ಟ್ರಾನಿಕ್ ದಾಖಲೆಯದ್ದು. ಅದನ್ನು ಓದಿದರೆ ಮೊದಲು ಸ್ವಲ್ಪ ನಿರಾಸೆಯಾಗುತ್ತದೆ. ಪ್ರಿಂಟ್ ಕೊಟ್ಟರೆ ಸಾಕು ಎನ್ನುತ್ತದೆ. ಹಾಗಾದರೆ ಏಳನೇ ಸಾಲಿನ 62 ಬರೀ 62 ಆಗಿಯೇ ಉಳಿಯಿತು, ಅಲ್ವಾ?

ಪೂರ್ತಿ ಹಾಗಲ್ಲ. ಪ್ರಿಂಟ್ ಕೊಡುವವರು ಪ್ರಮಾಣ ಮಾಡಿ ಕೆಲವು ವಿವರ ಬರೆಯಬೇಕು. ದಾಖಲೆ ಹೇಗೆ, ಯಾರಿಂದ ತಯಾರಾಯಿತು, ತಯಾರಾದ ಇಲ್ಲವೇ ಸ್ಟೋರ್ ಆದ ದಿನ ಮತ್ತು ಸಮಯ, ಪ್ರಿಂಟ್ ತೆಗೆದದ್ದು ಎಲ್ಲಿಂದ, ಯಾವಾಗ, ಇಮೇಲ್ ಆದರೆ ಆ ಐಡಿ ಯಾರದ್ದು. ಮೆಟಾಡೇಟಾ ಎಂಬ ಹೆಸರಿಲ್ಲದೆ ಮೆಟಾಡೇಟಾವನ್ನೇ ಕೇಳಿದಂತಾಯಿತು. ಅದೇ ನಿಯಮದ 6ನೇ ಉಪನಿಯಮ ಇನ್ನೂ ನೇರ. ಇಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ಹೆಚ್ಚಿನ ಪುರಾವೆ ಕೊಡಿಸಿ ಎಂದು ಯಾವ ಕಡೆಯವರೂ ಕೋರ್ಟನ್ನು ಕೇಳಬಹುದು. ಕೋರ್ಟು ತಾನಾಗಿಯೂ ಹೇಳಬಹುದು. ಆ ಪುರಾವೆಯಲ್ಲಿ ಮೆಟಾಡೇಟಾ ಮತ್ತು ಲಾಗ್‌ಗಳೂ (ಯಾವಾಗ ಏನಾಯಿತೆಂದು ಕಂಪ್ಯೂಟರೇ ಬರೆದಿಡುವ ದಾಖಲೆ) ಸೇರುತ್ತವೆ ಅಂತ ನಿಯಮದಲ್ಲೇ ಬರೆದಿದೆ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಮೇಲೆ ಇನ್ನೊಂದು ಬದಲಾವಣೆ ಆಯಿತು. ಇಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡಬೇಕಿದ್ದ ಹಳೆಯ 65ಬಿ ಪ್ರಮಾಣಪತ್ರದ ಜಾಗಕ್ಕೆ 63ನೇ ಕಲಮಿನ ಪ್ರಮಾಣಪತ್ರ ಬಂತು. ಅದಕ್ಕೆ ಎರಡು ಭಾಗ. ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಎರಡರಲ್ಲೂ ಹ್ಯಾಶ್ ಬರೆಯುವ ಜಾಗವಿದೆ. ಯಾವ ಲೆಕ್ಕದಿಂದ ತೆಗೆದದ್ದು ಎಂದು ಟಿಕ್ ಹಾಕಬೇಕು. ಕ್ಯಾನ್ಸಸ್‌ನ ಜಡ್ಜ್ 2005ರಲ್ಲಿ 'ಹೀಗೂ ಮಾಡಬಹುದಿತ್ತಲ್ಲ' ಎಂದದ್ದು ನಮ್ಮಲ್ಲೀಗ ನಮೂನೆಯ ಒಂದು ಅಂಕಣ.

ಆದರೆ ಹ್ಯಾಶ್ ತೆಗೆಯುವ ಮುಂಚೆಯೇ ಫೈಲು ಹಾಳಾಗಿದ್ದರೆ ಅದರಿಂದ ಏನೂ ಉಪಯೋಗವಿಲ್ಲ. ಇದು ದಿನಾ ಆಗುವ ಕೆಲಸ. ಕಕ್ಷಿಗಾರ ಸೈಟಿನ ಫೋಟೊಗಳನ್ನು ವಕೀಲರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾನೆ. ಫೋಟೊ ಆಗಿ ಕಳಿಸಿದರೆ ತೆಗೆದ ಸಮಯ, ಜಾಗದ ಮಾಹಿತಿ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಮೂಲವನ್ನು ಫೋನಿನಿಂದ ಡಿಲೀಟ್ ಮಾಡಬೇಡಿ ಅಂತ ಮೊದಲ ದಿನವೇ ಹೇಳಬೇಕು. ಎಕ್ಸೆಲ್ ಫೈಲನ್ನು ಪೆನ್‌ಡ್ರೈವ್‌ಗೆ ಎಳೆದು ಹಾಕಿದರೆ ವಿಂಡೋಸ್‌ನಲ್ಲಿ ಅದರ ಹುಟ್ಟಿದ ದಿನ ಇವತ್ತಿನದಾಗುತ್ತದೆ, ತಿದ್ದಿದ ದಿನ ಹಳೆಯದೇ ಇರುತ್ತದೆ. ಹುಟ್ಟುವ ಮುಂಚೆಯೇ ತಿದ್ದಿದ ಫೈಲು! ಗೊತ್ತಿಲ್ಲದವರಿಗೆ ಇದು ಮೋಸದಂತೆ ಕಾಣುತ್ತದೆ, ಪಾಟೀಸವಾಲಿನಲ್ಲಿ ಚೆನ್ನಾಗಿ ಬಳಕೆಯೂ ಆಗುತ್ತದೆ. ಕಾಪಿ ಮಾಡಿದವರು ಯಾರು, ಹೇಗೆ, ಯಾವಾಗ ಎಂಬ ಎರಡು ಸಾಲಿನ ಟಿಪ್ಪಣಿ ಇದ್ದರೆ ಆ ಸವಾಲಿಗೆ ಸಾಕ್ಷಿಯ ಬಳಿ ಉತ್ತರ ಇರುತ್ತದೆ.

6ನೇ ಉಪನಿಯಮದಡಿ ಅರ್ಜಿ ಹಾಕುವವರಿಗೆ ಒಂದು ಮಾತು. 'ಮೆಟಾಡೇಟಾ ಕೊಡಿಸಬೇಕು' ಅಂತಷ್ಟೇ ಬರೆದರೆ ಎದುರಿನವರು ಪ್ರಾಪರ್ಟೀಸ್ ಪರದೆಯ ಒಂದು ಫೋಟೊ ತಂದಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಯಾವ ಫೈಲು, ಅದರ ಮೂಲ ರೂಪ ಬೇಕೋ ಬೇಡವೋ, ಸೂತ್ರ ಮತ್ತು ಹೈಡ್ ಮಾಡಿದ ಕಾಲಂ ಬೇಕೋ, ಕೊನೆಗೆ ಸೇವ್ ಮಾಡಿದವರ ಹೆಸರು ಬೇಕೋ, ಯಾವ ದಿನದಿಂದ ಯಾವ ದಿನದವರೆಗಿನ ಲಾಗ್ ಬೇಕೋ ಬಿಡಿಸಿ ಬರೆಯಿರಿ. ಯಾಕೆ ಬೇಕು ಎಂಬುದನ್ನೂ ಬರೆಯಿರಿ. ಮತ್ತು ಏನಾದರೂ ತೆಗೆದು ಕೊಡುವುದಾದರೆ ಏನನ್ನು, ಯಾವ ಕಾರಣಕ್ಕೆ ತೆಗೆದಿದ್ದಾರೆಂದು ಅಫಿಡವಿಟ್‌ನಲ್ಲಿ ಹೇಳಬೇಕೆಂಬ ಸಾಲನ್ನು ಅದೇ ಅರ್ಜಿಯಲ್ಲಿ ಸೇರಿಸಿ.